ಗುಲಾಮರ ಹಡಗಿಗಿಂತ ಮೊದಲಿನ ಆಫ್ರಿಕಾ

ವಿಶ್ವ ಇತಿಹಾಸದ ಪಾಠದಲ್ಲಿ ಆಫ್ರಿಕಾವನ್ನು, ಕಪ್ಪು ಜನರ ಚರಿತ್ರೆಯನ್ನು ಹೇಗೆ ಹೇಳಿಕೊಡಬೇಕು ಎಂದು ಕೇಳಿ ಶಿಕ್ಷಕರು, ಪೋಷಕರು, ವಿದ್ಯಾರ್ಥಿಗಳು ಪತ್ರ ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಒಂಬತ್ತನೇ ತರಗತಿಗೆ ಇತಿಹಾಸ ತೆಗೆದುಕೊಳ್ಳುತ್ತೇನೆ. ನಮ್ಮ ಪಾಠದಲ್ಲಿ ಆಫ್ರಿಕಾ ಎಂದರೆ ಮೊದಲು ಪಿರಮಿಡ್ಡು, ಆಮೇಲೆ ಗುಲಾಮರು, ಆಮೇಲೆ ಯುರೋಪಿನವರು ಹಂಚಿಕೊಂಡ ನಕ್ಷೆ. ನಡುವಿನ ಸಾವಿರಾರು ವರ್ಷ ಖಾಲಿ. ನನಗೆ ಹೆಚ್ಚಿಗೆ ಸಿಗುವುದು ಎರಡೇ ಪಿರಿಯಡ್ಡು. ಎಲ್ಲಿಂದ ಶುರು ಮಾಡಲಿ?
(ಹಾವೇರಿ ಜಿಲ್ಲೆಯ ಶಿಕ್ಷಕಿ)

ಉತ್ತರ: ರಾಜರ ಹೆಸರಿನ ಪಟ್ಟಿ ಕೊಡಲು ಹೋಗದಿದ್ದರೆ ಎರಡು ಪಿರಿಯಡ್ಡು ಸಾಕು. ಮೊದಲನೆಯದು ಜಾಗಕ್ಕೆ, ಎರಡನೆಯದು ಕಾಲಕ್ಕೆ.

ಜಾಗದ ಪಾಠಕ್ಕೆ ಬೇಕಾದದ್ದು ಒಂದು ಸೆಂ.ಮೀ. ಚೌಕದ ಗ್ರಾಫ್ ಹಾಳೆ, ಕತ್ತರಿ. ಒಂದು ಚೌಕಕ್ಕೆ ಒಂದು ಲಕ್ಷ ಚದರ ಕಿ.ಮೀ. ಎಂದು ಇಟ್ಟುಕೊಳ್ಳಿ. ಆಫ್ರಿಕಾ ಸುಮಾರು 303 ಚೌಕ, ಅಂದರೆ ಹೆಚ್ಚುಕಮ್ಮಿ 18 ಸೆಂ.ಮೀ.ಗೆ 17 ಸೆಂ.ಮೀ. ಭಾರತ 33 ಚೌಕ, 6ಕ್ಕೆ ಐದೂವರೆ. ಕರ್ನಾಟಕ 2 ಚೌಕಕ್ಕಿಂತ ತುಸು ಕಮ್ಮಿ. ಗ್ರೀನ್‌ಲ್ಯಾಂಡ್ 22 ಚೌಕ. ಮಕ್ಕಳು ಭಾರತದ ಒಂಬತ್ತು ತುಂಡು ಕತ್ತರಿಸಿ ಆಫ್ರಿಕಾದ ಹಾಳೆಯ ಮೇಲೆ ಮೂರು ಸಾಲಾಗಿ ಜೋಡಿಸಿದರೆ ಒಂಬತ್ತೂ ಕೂತು ಅಂಚಿನಲ್ಲಿ ಅರ್ಧ ಸೆಂ.ಮೀ. ಪಟ್ಟಿ ಉಳಿಯುತ್ತದೆ. ಆಮೇಲೆ ಗೋಡೆಯ ನಕ್ಷೆ ತೋರಿಸಿ. ಅದು ಮರ್ಕೇಟರ್ ಮಾದರಿಯದಾಗಿದ್ದರೆ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಹಾಳೆಯಲ್ಲಿ ಅದು ಹದಿನಾಲ್ಕನೇ ಒಂದು ಪಾಲು. ಸಮಭಾಜಕದಿಂದ ದೂರ ಹೋದಷ್ಟೂ ಆ ನಕ್ಷೆ ನೆಲವನ್ನು ಹಿಗ್ಗಿಸುತ್ತದೆ, ಅದಕ್ಕೆ ಹೀಗೆ. ಇಲ್ಲಿ ಕೆಡುವುದು ಒಂದೇ ಕಡೆ: ಮಕ್ಕಳು ದೇಶಗಳ ಆಕಾರವನ್ನು ಅದೇ ಗೋಡೆನಕ್ಷೆಯಿಂದ ನಕಲು ತೆಗೆದು ಕತ್ತರಿಸಿದರೆ ತಪ್ಪು ಅಳತೆಯೇ ಮತ್ತೆ ಬರುತ್ತದೆ. ಆಕಾರ ಬೇಡ, ಬರೀ ಆಯತ ಸಾಕು.

ಆಮೇಲೆ ಒಂದು ನಿಯಮ ಮಾಡಿ, ವರ್ಷವಿಡೀ ಪಾಲಿಸಿ. "ಆಫ್ರಿಕಾದಲ್ಲಿ ಹೀಗಿತ್ತು" ಎಂಬ ವಾಕ್ಯ ತರಗತಿಯಲ್ಲಿ ನಡೆಯುವುದಿಲ್ಲ. ಯಾವ ಊರು, ಯಾವ ರಾಜ್ಯ, ಯಾವ ಶತಮಾನ ಎಂದು ಹೇಳಲೇಬೇಕು. 54 ದೇಶಗಳ ನೆಲವನ್ನು ಒಂದೇ ಊರಿನಂತೆ ಮಾತನಾಡುವ ಚಾಳಿ ಇದೊಂದರಿಂದಲೇ ಅರ್ಧ ಬಿಡುತ್ತದೆ.

ಎರಡನೇ ಪಿರಿಯಡ್ಡಿಗೆ 4.6 ಮೀಟರ್ ಹಗ್ಗ. ಶತಮಾನಕ್ಕೆ 20 ಸೆಂ.ಮೀ. ಲೆಕ್ಕದಲ್ಲಿ ಕ್ರಿ.ಪೂ. 300ರಿಂದ ಕ್ರಿ.ಶ. 2000ರವರೆಗೆ ಬರುತ್ತದೆ. ಎಡದಿಂದ 60 ಸೆಂ.ಮೀ.ಗೆ ಒಂದು ಗಂಟು ಹಾಕಿ, ಅದು ಕ್ರಿ.ಶ. ಶುರುವಾಗುವ ಜಾಗ. ಎರಡು ಬಣ್ಣದ ಚೀಟಿ ಮಾಡಿ, ಕರ್ನಾಟಕದ್ದು ಹಗ್ಗದ ಮೇಲೆ, ಆಫ್ರಿಕಾದ್ದು ಕೆಳಗೆ ತೂಗುಹಾಕಿ. ಮೇಲೆ ಮಸ್ಕಿಯ ಅಶೋಕ ಶಾಸನ. ಕೆಳಗೆ ಇಂದಿನ ಸುಡಾನಿನ ಮೆರೋಯೆ, ಪಿರಮಿಡ್ ಕಟ್ಟುತ್ತಿದ್ದ ಕುಶ್ ರಾಜ್ಯದ ನಗರ. (ಸುಡಾನಿನಲ್ಲಿ 200ಕ್ಕೂ ಹೆಚ್ಚು ಪಿರಮಿಡ್‌ಗಳಿವೆ, ಎಣಿಕೆಯಲ್ಲಿ ಈಜಿಪ್ಟಿಗಿಂತ ಜಾಸ್ತಿ, ಗಾತ್ರದಲ್ಲಿ ಚಿಕ್ಕವು.) ಮೇಲೆ ನಾಲ್ಕನೇ ಶತಮಾನದ ಕದಂಬರು, ಕೆಳಗೆ ಅದೇ ಶತಮಾನದಲ್ಲಿ ಇಥಿಯೋಪಿಯಾದ ಅಕ್ಸುಮಿನ ದೊರೆ ಎಜಾನಾ, ತನ್ನ ಹೆಸರಿನ ನಾಣ್ಯ ಹೊರಡಿಸಿದವನು, ಕಲ್ಲಿನಲ್ಲಿ ಶಾಸನ ಕೊರೆಸಿದವನು. ಹಳೇಬೀಡು, ಸೋಮನಾಥಪುರದ ನಡುವೆ ಎಲ್ಲೋ ಇಥಿಯೋಪಿಯಾದ ಲಾಲಿಬೆಲಾದ ಹನ್ನೊಂದು ಚರ್ಚುಗಳು ಬರುತ್ತವೆ, ನೆಲದ ಬಂಡೆಯನ್ನೇ ಮೇಲಿನಿಂದ ಕೆಳಕ್ಕೆ ಕೊರೆದು ಬಿಡಿಸಿದಂಥವು. 1336ರ ವಿಜಯನಗರದ ಪಕ್ಕದಲ್ಲೇ ಪಶ್ಚಿಮ ಆಫ್ರಿಕಾದ ಮಾಲಿಯ ದೊರೆ ಮಾನ್ಸಾ ಮೂಸಾ. ಕೃಷ್ಣದೇವರಾಯ (1509–1529) ಹಂಪಿಯಲ್ಲಿ ಆಳುವಾಗ ನೈಜರ್ ನದಿಯ ದಂಡೆಯ ಸೊಂಘಾಯ್ ರಾಜ್ಯವನ್ನು ಆಸ್ಕಿಯಾ ಮುಹಮ್ಮದ್ (1493–1528) ಆಳುತ್ತಿದ್ದ. ಈ ಒಂದು ಜೋಡಿಯನ್ನು ಮಕ್ಕಳು ಮರೆಯುವುದಿಲ್ಲ.

ಕೊನೆಗೆ ಕೆಂಪು ರಿಬ್ಬನ್. ಅಟ್ಲಾಂಟಿಕ್ ಗುಲಾಮ ವ್ಯಾಪಾರ 1501ರಿಂದ 1866ರವರೆಗೆ, 73 ಸೆಂ.ಮೀ. ಯುರೋಪಿನವರು ಖಂಡವನ್ನು ಹಂಚಿಕೊಂಡ ಬರ್ಲಿನ್ ಸಭೆಯಿಂದ (1884–85) ಹದಿನೇಳು ದೇಶಗಳು ಸ್ವತಂತ್ರವಾದ 1960ರವರೆಗೆ, ಇನ್ನೊಂದು 15 ಸೆಂ.ಮೀ. ನಾಲ್ಕೂವರೆ ಮೀಟರಿನಲ್ಲಿ ಆ ಕೆಂಪು ಎಷ್ಟು ಉದ್ದ, ಉಳಿದ ಹಗ್ಗ ಎಷ್ಟು ಎಂದು ಮಕ್ಕಳೇ ಅಳೆಯಲಿ. ಕ್ರಿ.ಪೂ. ಭಾಗದ ಚೀಟಿಗಳು ಮಾತ್ರ ಬಹುತೇಕ ಹಿಂದುಮುಂದಾಗುತ್ತವೆ, ಮಕ್ಕಳು ಹೆಚ್ಚು ಹಳೆಯದನ್ನು ಗಂಟಿನ ಹತ್ತಿರ, ಈಚಿನದನ್ನು ದೂರ ಕಟ್ಟುತ್ತಾರೆ. ಆ ಚೀಟಿಗಳನ್ನು ನೀವೇ ಮೊದಲು ಕಟ್ಟಿಬಿಡಿ.

ಪ್ರಶ್ನೆ: ಬಿ.ಎಡ್. ಪಾಠಾಭ್ಯಾಸಕ್ಕೆ ಗ್ರೇಟ್ ಜಿಂಬಾಬ್ವೆ ತೆಗೆದುಕೊಂಡಿದ್ದೇನೆ. ಫೋಟೊ ತೋರಿಸಿ "ಎಷ್ಟು ಭವ್ಯ ನೋಡಿ" ಎಂದರೆ ಐದು ನಿಮಿಷಕ್ಕೆ ಪಾಠ ಮುಗಿಯುತ್ತದೆ. ಉಳಿದ ಮೂವತ್ತೈದು ನಿಮಿಷ?
(ವಿಜಯಪುರದ ಪ್ರಶಿಕ್ಷಣಾರ್ಥಿ)

ಉತ್ತರ: ಭವ್ಯ ಎನ್ನುವ ಮಾತನ್ನೇ ಬಿಡಿ. "ಇದನ್ನು ಕಟ್ಟಿದವರು ಯಾರೆಂದು ಹೇಗೆ ಗೊತ್ತಾಯಿತು?" ಎಂದು ಕೇಳಿ. ಇಡೀ ಪಾಠ ಅದರಲ್ಲಿದೆ.

ವಿವರ ಇಷ್ಟು. ಇಂದಿನ ಜಿಂಬಾಬ್ವೆ ದೇಶದಲ್ಲಿ ಹನ್ನೊಂದರಿಂದ ಹದಿನೈದನೇ ಶತಮಾನದವರೆಗೆ ಬಾಳಿದ ನಗರ, ಶೋನಾ ಜನರ ಪೂರ್ವಿಕರು ಕಟ್ಟಿದ್ದು. ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವೆಡೆ 11 ಮೀಟರ್. ಗಾರೆ ಇಲ್ಲ, ಸುಣ್ಣ ಇಲ್ಲ. ಅಲ್ಲಿಯ ಗ್ರಾನೈಟು ಹಗಲ ಬಿಸಿಲಿಗೆ ಹಿಗ್ಗಿ ರಾತ್ರಿ ಚಳಿಗೆ ಕುಗ್ಗಿ ಚಪ್ಪಡಿ ಚಪ್ಪಡಿಯಾಗಿ ಬಿಡುತ್ತದೆ. ಬೆಂಕಿ ಹಾಕಿ ನೀರೆರೆದರೆ ಇನ್ನೂ ಬೇಗ. ಆ ಚಪ್ಪಡಿಗಳನ್ನು ಇಟ್ಟಿಗೆಯ ಗಾತ್ರಕ್ಕೆ ಒಡೆದು ಸಾಲಾಗಿ ಪೇರಿಸಿದ್ದಾರೆ.

ಹತ್ತು ನಿಮಿಷದ ಕೆಲಸ: ಪ್ರತಿ ಗುಂಪಿಗೂ ಒಂದಿಪ್ಪತ್ತೈದು ಚಪ್ಪಟೆ ಕಲ್ಲು ಅಥವಾ ಹಂಚಿನ ಚೂರು ಕೊಟ್ಟು, ಮಣ್ಣು ಅಂಟಿಸದೆ ಗೋಡೆ ಕಟ್ಟಲು ಹೇಳಿ. ಮೊದಲ ಗೋಡೆ ಐದಾರು ಸಾಲಿಗೆ ಉರುಳುತ್ತದೆ. ಕೆಳಗಿನ ಸಂದಿನ ಮೇಲೆಯೇ ಮೇಲಿನ ಸಂದು ಬಂದಿರುತ್ತದೆ, ಗೋಡೆ ನೆಟ್ಟಗೆ ಎದ್ದಿರುತ್ತದೆ. ಸಂದಿನ ಮೇಲೆ ಕಲ್ಲಿನ ನಡು ಬರುವಂತೆ, ಪ್ರತಿ ಸಾಲನ್ನೂ ಕೂದಲೆಳೆಯಷ್ಟು ಒಳಗೆ ಸರಿಸಿ ಕಟ್ಟಿದರೆ ನಿಲ್ಲುತ್ತದೆ. ಅಲ್ಲಿಯ ಗೋಡೆಗಳು ಬುಡದಲ್ಲಿ ದಪ್ಪ, ಮೇಲೆ ತೆಳು, ಕಾರಣ ಅದೇ.

ಇನ್ನು ತನಿಖೆ. 1871ರಲ್ಲಿ ಬಂದ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್ ಬಾಗಿಲ ಮೇಲಿನ ಮರದ ತೊಲೆಯಿಂದ ಒಂದು ಚಕ್ಕೆ ಎಬ್ಬಿಸಿ, ತನ್ನ ಪೆನ್ಸಿಲಿನ ಮರಕ್ಕೆ ಹೋಲಿಸಿ ನೋಡಿದ. ಎರಡೂ ಒಂದೇ ಥರ ಕಂಡವು. ಪೆನ್ಸಿಲು ದೇವದಾರು, ಆದ್ದರಿಂದ ಇದೂ ಲೆಬನಾನಿನ ದೇವದಾರು, ಆದ್ದರಿಂದ ಇದನ್ನು ಕಟ್ಟಿಸಿದ್ದು ಬೈಬಲ್ಲಿನ ಶೀಬಾದ ರಾಣಿ! ಮರ ಸ್ಥಳೀಯದ್ದೇ ಆಗಿತ್ತು. ಆಮೇಲೆ ಬಂದ ಮೇಲ್ವಿಚಾರಕ ರಿಚರ್ಡ್ ಹಾಲ್ 1902ರಿಂದ 1904ರವರೆಗೆ "ಕಾಫಿರರ ಕಸ" (ಕಾಫಿರರು ಎಂದರೆ ಕಪ್ಪು ಜನರನ್ನು ಬಿಳಿಯರು ಹೀಗಳೆದು ಕರೆಯುತ್ತಿದ್ದ ಹೆಸರು) ತೆಗೆಯುತ್ತೇನೆಂದು ಮಣ್ಣಿನ ಪದರಗಳನ್ನೇ ಅಗೆದು ಎಸೆದ. ಯಾವ ವಸ್ತು ಯಾವ ಕಾಲದ್ದೆಂದು ಹೇಳಬಲ್ಲ ಪದರಗಳು ಅವೇ ಆಗಿದ್ದವು. 1905ರಲ್ಲಿ ಡೇವಿಡ್ ರ‍್ಯಾಂಡಲ್ ಮ್ಯಾಕ್‌ಐವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆದು, ಉಳಿದಿದ್ದ ಪದರಗಳ ಆಧಾರದ ಮೇಲೆ ಇದು ಆಫ್ರಿಕನ್ನರದೇ ಕೆಲಸ ಎಂದು ತೋರಿಸಿಕೊಟ್ಟರು. ಆದರೂ ಬಿಳಿಯರ ರೊಡೇಷಿಯಾ (ದೇಶದ ಆಗಿನ ಹೆಸರು) ಸರ್ಕಾರ ಒಪ್ಪಲು ತಯಾರಿರಲಿಲ್ಲ. ಸತ್ಯ ಹೇಳಿದ ಪುರಾತತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯಿತು. 1980ರಲ್ಲಿ ಸ್ವತಂತ್ರವಾದ ದೇಶ ಆ ನಗರದ ಹೆಸರನ್ನೇ ಇಟ್ಟುಕೊಂಡಿತು, ಅಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿ ಅದರ ಬಾವುಟದಲ್ಲಿದೆ.

ತರಗತಿಯಲ್ಲಿ ಹೀಗೆ ಮಾಡಿ: ಅಲ್ಲಿ ಸಿಕ್ಕ ವಸ್ತುಗಳ ಚೀಟಿ ಹಂಚಿ. ಚೀನೀ ಪಿಂಗಾಣಿ ಚೂರು, ಗಾಜಿನ ಮಣಿ, ಪೂರ್ವ ಆಫ್ರಿಕಾದ ಬಂದರು ಕಿಲ್ವಾದ ನಾಣ್ಯ, ಚಿನ್ನ, ಸ್ಥಳೀಯ ಮಡಕೆ, ಮಣ್ಣಿನ ಮನೆಯ ನೆಲಗಟ್ಟು. "ಯಾರು ಕಟ್ಟಿದರು" ಎಂಬುದಕ್ಕೆ ಯಾವ ಚೀಟಿ ಸಾಕ್ಷಿ, "ಯಾರ ಜತೆ ವ್ಯಾಪಾರ" ಎಂಬುದಕ್ಕೆ ಯಾವುದು? ಮಕ್ಕಳು ಸಾಮಾನ್ಯವಾಗಿ ಪಿಂಗಾಣಿ ಎತ್ತಿಕೊಂಡು "ಚೀನೀಯರು ಕಟ್ಟಿದರು" ಎನ್ನುತ್ತಾರೆ. ಹಂಪಿಯಲ್ಲೂ ಚೀನೀ ಪಿಂಗಾಣಿ ಸಿಕ್ಕಿದೆ, ಹಾಗಾದರೆ ಹಂಪಿ ಕಟ್ಟಿದ್ದು ಯಾರು ಎಂದು ತಿರುಗಿ ಕೇಳಿ.

ಪ್ರಶ್ನೆ: ಮಾನ್ಸಾ ಮೂಸಾ ಜಗತ್ತಿನ ಅತಿ ದೊಡ್ಡ ಶ್ರೀಮಂತ, ಅವನ ಆಸ್ತಿ 400 ಬಿಲಿಯನ್ ಡಾಲರ್, ಅವನು ಹಂಚಿದ ಚಿನ್ನದಿಂದ ಈಜಿಪ್ಟ್ ದಿವಾಳಿಯಾಯಿತು ಎಂಬ ವಾಟ್ಸಾಪ್ ಸಂದೇಶವನ್ನು ಪಾಠದಲ್ಲಿ ಬಳಸಬಹುದೇ?
(ತುಮಕೂರು)

ಉತ್ತರ: ಬೇಡ. ಹದಿನಾಲ್ಕನೇ ಶತಮಾನದ ಮಾಲಿಯ ಖಜಾನೆಯನ್ನು ಇಂದಿನ ಡಾಲರಿಗೆ ತಿರುಗಿಸುವ ಲೆಕ್ಕ ಯಾರ ಬಳಿಯೂ ಇಲ್ಲ. ನಿಜವಾದ ಆಧಾರ ಇದಕ್ಕಿಂತ ಚೆನ್ನಾಗಿದೆ. ಮೂಸಾ ಹಜ್ ಯಾತ್ರೆಗೆ ಹೊರಟು 1324ರಲ್ಲಿ ಕೈರೋಗೆ ಬಂದ. ಅಲ್‌ ಉಮರಿ ಎಂಬ ಅರಬ್ ಲೇಖಕ ಕೆಲವು ವರ್ಷ ಕಳೆದು ಕೈರೋದಲ್ಲಿ ವಿಚಾರಿಸಿ ಬರೆದಿಟ್ಟ: ಅದುವರೆಗೆ ಒಂದು ಮಿಸ್ಕಾಲ್ ತೂಕದ ಚಿನ್ನದ ಬೆಲೆ 25 ದಿರ್ಹಮ್ ಬೆಳ್ಳಿನಾಣ್ಯಕ್ಕಿಂತ ಕೆಳಗೆ ಹೋಗಿರಲಿಲ್ಲ, ಮೂಸಾ ಬಂದ ಮೇಲೆ 22ಕ್ಕೆ, ಅದಕ್ಕೂ ಕೆಳಗೆ ಇಳಿಯಿತು. ಮಕ್ಕಳಿಗೆ ಶೇಕಡಾವಾರು ಲೆಕ್ಕ ಕೊಡಿ, 12 ಎಂದು ಬರುತ್ತದೆ. ಒಬ್ಬ ಯಾತ್ರಿಕನಿಂದ ಮಹಾನಗರವೊಂದರ ಚಿನ್ನದ ಬೆಲೆ ನೂರಕ್ಕೆ ಹನ್ನೆರಡು ಬಿದ್ದು ವರ್ಷಗಟ್ಟಲೆ ಚೇತರಿಸಿಕೊಳ್ಳಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ದಿವಾಳಿಯೂ ಅಲ್ಲ. ಹಿಂತಿರುಗುವಾಗ ಮೂಸಾನೇ ಕೈರೋ ವರ್ತಕರ ಹತ್ತಿರ ದುಬಾರಿ ಬಡ್ಡಿಗೆ ಸಾಲ ಮಾಡಿದ್ದ!

ಅವನ ಹಿಂದಿನ ದೊರೆ ಹಡಗು ಕಟ್ಟಿಕೊಂಡು ಅಮೆರಿಕ ಮುಟ್ಟಿದ ಎಂಬ ಸಂದೇಶವೂ ಓಡಾಡುತ್ತಿದೆ. ಸಮುದ್ರಕ್ಕೆ ಹೊರಟ ಎಂಬುದಕ್ಕೆ ಕೈರೋದಲ್ಲಿ ಮೂಸಾ ಹೇಳಿದ ಮಾತೊಂದೇ ಆಧಾರ. ಮುಟ್ಟಿದ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಇಂಥದ್ದನ್ನು ಅಭಿಮಾನದಿಂದ ಹೇಳಿಕೊಟ್ಟರೆ, ಮುಂದೆ ಸುಳ್ಳೆಂದು ತಿಳಿದ ಹುಡುಗ ಮಾಲಿಯ ಟಿಂಬಕ್ಟು ಊರಿನ ಹಳೆಯ ಹಸ್ತಪ್ರತಿಗಳನ್ನೂ ನಂಬುವುದಿಲ್ಲ. ಅವು ಸಾವಿರಗಟ್ಟಲೆ ಇವೆ, ಕಣ್ಣಿಗೆ ಕಾಣುತ್ತವೆ. 2012ರಲ್ಲಿ ಉಗ್ರರು ಊರು ಹಿಡಿದಾಗ ಅಲ್ಲಿಯವರೇ ಅವನ್ನು ಪೆಟ್ಟಿಗೆಗಳಲ್ಲಿ ತುಂಬಿ ರಾಜಧಾನಿ ಬಮಾಕೊಗೆ ಗುಟ್ಟಾಗಿ ಸಾಗಿಸಿದರು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಸಿದ್ದಿ ಮಕ್ಕಳಿದ್ದಾರೆ. ಗುಲಾಮಗಿರಿಯ ಪಾಠ ಬಂದ ದಿನ ಉಳಿದವರೆಲ್ಲ ಅವರ ಕಡೆ ತಿರುಗಿ ನೋಡುತ್ತಾರೆ. ಆಟದ ಬಯಲಿನಲ್ಲಿ ಕೂದಲು, ಬಣ್ಣದ ಬಗ್ಗೆ ಕೆಟ್ಟ ಮಾತು ಬೀಳುತ್ತದೆ. ಪಾಠವನ್ನೇ ಬಿಡೋಣವೇ ಅನ್ನಿಸುತ್ತದೆ.
(ಯಲ್ಲಾಪುರ ತಾಲ್ಲೂಕಿನ ಶಿಕ್ಷಕರು)

ಉತ್ತರ: ಬಿಡಬೇಡಿ, ಕ್ರಮ ಬದಲಿಸಿ. ಆ ಮಕ್ಕಳ ಮುಖದಂಥ ಮುಖ ಪಾಠದಲ್ಲಿ ಮೊದಲ ಸಲ ಸಂಕೋಲೆಯ ಜತೆ ಬಂದರೆ ತರಗತಿ ತಿರುಗಿ ನೋಡಿಯೇ ನೋಡುತ್ತದೆ. ಅದಕ್ಕಿಂತ ಒಂದೆರಡು ತಿಂಗಳು ಮೊದಲೇ ದಖನ್ನಿನ ಸುಲ್ತಾನರ ಪಾಠದಲ್ಲಿ ಹಬಶಿಗಳು, ಅಂದರೆ ಆಫ್ರಿಕಾ ಮೂಲದ ಸರದಾರರು, ಸೈನಿಕರು ಬಂದಿರಲಿ. ಇದಕ್ಕೆ ಕರ್ನಾಟಕದಿಂದ ಹೊರಗೆ ಹೋಗಬೇಕಾಗಿಲ್ಲ. ವಿಜಯಪುರದ ಇಬ್ರಾಹಿಂ ರೋಜಾದ ಶಾಸನದಲ್ಲಿ ಅದರ ಕೆಲಸ ನಡೆಸಿದ ಮಲಿಕ್ ಸಂದಲ್‌ನ ಹೆಸರಿದೆ. ಅವನು ಅಬಿಸೀನಿಯಾದವನೆಂದು (ಇಂದಿನ ಇಥಿಯೋಪಿಯಾ) ಪರಂಪರೆ ಹೇಳುತ್ತದೆ. ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಹಬಶಿ ಇಖ್ಲಾಸ್ ಖಾನ್ ದೊಡ್ಡ ಅಧಿಕಾರಿ. ಸುಲ್ತಾನ, ಅವನು ಒಂದೇ ಆನೆಯ ಮೇಲೆ ಹೋಗುವ ಹದಿನೇಳನೇ ಶತಮಾನದ ವರ್ಣಚಿತ್ರ ಉಳಿದಿದೆ. ಬೀದರಿನಲ್ಲಿ ಹಬಶಿ ಸರದಾರರ ಗೋರಿಗಳ ಗುಡ್ಡವೇ ಇದೆ.

ಮಲಿಕ್ ಅಂಬರ್‌ಗೆ ಒಂದು ಪೂರ್ತಿ ಪಿರಿಯಡ್ಡು ಕೊಡಿ. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮಾರಾಟವಾಗಿ, ಅರಬ್ ನಾಡುಗಳನ್ನು ದಾಟಿ ಅಹಮದ್‌ನಗರಕ್ಕೆ ಬಂದವನು. ಕೊಂಡವನು ಅಲ್ಲಿಯ ಮಂತ್ರಿ ಚಂಗೀಜ್ ಖಾನ್, ಅವನೂ ಹಬಶಿಯೇ. 1600ರಲ್ಲಿ ಅಹಮದ್‌ನಗರದ ಕೋಟೆ ಮೊಘಲರ ಪಾಲಾದ ಮೇಲೆ ನಿಜಾಮಶಾಹಿಯನ್ನು ಎತ್ತಿ ನಿಲ್ಲಿಸಿ, ಕಾಲು ಶತಮಾನ ದಿಲ್ಲಿಯ ಸೇನೆಯನ್ನು ತಡೆದ. ಅವನು 1610ರಲ್ಲಿ ಕಟ್ಟಿದ ಖಡ್ಕಿ ಆಮೇಲೆ ಔರಂಗಾಬಾದ್ ಆಯಿತು. ಆ ಊರಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತಂದದ್ದೂ ಅವನೇ. 1624ರ ಭಾತವಡಿಯಲ್ಲಿ ಮೊಘಲರ ಜತೆಗೆ ಬಿಜಾಪುರದ ಸೈನ್ಯವೂ ಸೇರಿ ಬಂದಾಗ ಕೆರೆಯ ಏರಿ ಒಡೆಸಿ ಎದುರಾಳಿಯ ನೆಲವನ್ನು ಕೆಸರು ಮಾಡಿ ಗೆದ್ದ. ಜಹಾಂಗೀರ್ ಅವನನ್ನು ಎಂದೂ ಸೋಲಿಸಿ ಕೊಲ್ಲಲಾಗಲಿಲ್ಲ. ಬದಲಿಗೆ ತಾನು ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಿರುವ ಚಿತ್ರ ಬರೆಸಿಕೊಂಡ. ಆ ಚಿತ್ರ ತೋರಿಸಿ, ನಡೆಯದ ಸಂಗತಿಯನ್ನು ಚಕ್ರವರ್ತಿ ಏಕೆ ಬರೆಸಿದ ಎಂದು ಕೇಳಿ. ಉತ್ತರ ಮಕ್ಕಳೇ ಹೇಳುತ್ತಾರೆ.

ಆದರೆ ಎರಡು ಎಚ್ಚರ. ಅಂಬರ್ ನಿಮ್ಮ ತರಗತಿಯ ಮಕ್ಕಳ ಮುತ್ತಜ್ಜ ಎಂದು ಹೇಳಿಬಿಡಬೇಡಿ. ಉತ್ತರ ಕನ್ನಡದ ಸಿದ್ದಿಗಳ ಪೂರ್ವಿಕರಲ್ಲಿ ಬಹಳಷ್ಟು ಜನ ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಬೇರೆ ದಾರಿಯಿಂದ ಬಂದವರೂ ಇದ್ದಾರೆ. ಹಾಗೆ ತಪ್ಪಿಸಿಕೊಂಡು ಘಟ್ಟದಲ್ಲಿ ಬೇಸಾಯ ಹೂಡಿದ್ದು ಸೇನಾಪತಿಯಾದದ್ದಕ್ಕಿಂತ ಕಡಿಮೆಯ ಚರಿತ್ರೆಯೇನಲ್ಲ. ಎರಡನೆಯದು, ಅಂಬರ್ ಮೇಲೇರಿದ ಎಂದು ಅವನ ಮಾರಾಟವನ್ನು ಸಣ್ಣದು ಮಾಡಬೇಡಿ. ದಖನ್ನಿನಲ್ಲಿ ಸೈನಿಕ ಗುಲಾಮನಿಗೆ ಅಧಿಕಾರದ ಬಾಗಿಲು ತೆರೆದಿತ್ತು, ಬ್ರೆಜಿಲಿನ ಕಬ್ಬಿನ ತೋಟದಲ್ಲಿ ಅದು ಇರಲಿಲ್ಲ. ಆ ವ್ಯತ್ಯಾಸವೇ ಪಾಠ.

ಮಾಡಲೇಬಾರದ ಕೆಲಸಗಳೂ ಇವೆ. ಗುಲಾಮರ ಹರಾಜಿನ ಅಣಕು ನಾಟಕ ಆಡಿಸಬೇಡಿ. ಹರಾಜು ಕೂಗುವವನಿಗೆ ಮಜಾ, ನಿಂತ ಮಗುವಿಗೆ ಅವಮಾನ, ಕಲಿತದ್ದು ಶೂನ್ಯ. "ನಿಮ್ಮಲ್ಲಿ ಹೇಗೆ, ನೀನು ಹೇಳು" ಎಂದು ಸಿದ್ದಿ ಮಗುವನ್ನು ಎಬ್ಬಿಸಿ ನಿಲ್ಲಿಸಬೇಡಿ. ಅತಿಥಿ ಬಂದಾಗೆಲ್ಲ ಡಮಾಮಿ ಕುಣಿಸುವುದನ್ನೂ ನಿಲ್ಲಿಸಿ. ಕುಣಿತ ಅವರದು, ಯಾವಾಗ ಕುಣಿಯಬೇಕೆಂಬುದೂ ಅವರದೇ. ಊರಿನ ಸಿದ್ದಿ ಹಿರಿಯರನ್ನು ಕರೆಯುವುದಾದರೆ ವಾರ ಮೊದಲೇ ಮನೆಗೆ ಹೋಗಿ, ಏನು ಮಾತಾಡಲು ಇಷ್ಟ ಎಂದು ಕೇಳಿ. ಕೌದಿ ಹೊಲಿಯುವುದು, ಜೇನು, ಕಾಡಿನ ಹಕ್ಕು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, ಯಾವುದೂ ಆಗಬಹುದು. ಬಂದವರಿಗೆ ಕುರ್ಚಿ ವೇದಿಕೆಯ ಮೇಲಿರಲಿ. ಬಯಲಿನಲ್ಲಿ ಬಿದ್ದ ಮಾತಿಗೆ ಆ ದಿನವೇ, ಅಂದವನನ್ನು ಪಕ್ಕಕ್ಕೆ ಕರೆದು ಉತ್ತರ ಕೊಡಬೇಕು. "ಮಕ್ಕಳು ತಮಾಷೆಗೆ ಅಂತಾರೆ" ಎಂದು ಮೇಷ್ಟ್ರೇ ಬಿಟ್ಟರೆ ಅಂಬರನ ಪಾಠ ದಂಡ.

ಪ್ರಶ್ನೆ: ಒಳ್ಳೆಯದನ್ನೇ ಹೇಳಬೇಕೆಂದರೆ ಗುಲಾಮ ವ್ಯಾಪಾರದ ಕ್ರೌರ್ಯ ಮುಚ್ಚಿಡಬೇಕೇ? ಆಫ್ರಿಕಾದ ರಾಜರೇ ಜನರನ್ನು ಮಾರಿದರಲ್ಲ ಎಂದು ವಿದ್ಯಾರ್ಥಿಗಳು ಕೇಳಿದರೆ?
(ಮೈಸೂರಿನ ಉಪನ್ಯಾಸಕರು)

ಉತ್ತರ: ಮುಚ್ಚಿಡಬಾರದು. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರು ಸುಮಾರು 1.25 ಕೋಟಿ, ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ನಡುವಿನ ಕಳೆಯುವ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಲಿ. ಸಹರಾ, ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರ ಇದಕ್ಕಿಂತ ಹಳೆಯದು ಎಂಬುದನ್ನೂ ಹೇಳಿ.

ರಾಜರು ಮಾರಿದರೇ ಎಂದರೆ, ಹೌದು, ಅನೇಕರು ಮಾರಿದರು. ಅವರ ಮಟ್ಟಿಗೆ ತಾವೆಲ್ಲ ಒಂದೇ ಖಂಡದವರು, ಒಂದೇ ಬಣ್ಣದವರು ಎಂಬ ಭಾವನೆ ಇರಲಿಲ್ಲ. ಮಾರಿದ್ದು ಯುದ್ಧದಲ್ಲಿ ಸೆರೆಸಿಕ್ಕ ಪರರಾಜ್ಯದವರನ್ನು. ಬಂದೂಕು ಕೊಳ್ಳಲು ಸೆರೆಯಾಳು ಬೇಕು, ಸೆರೆಯಾಳು ಹಿಡಿಯಲು ಬಂದೂಕು ಬೇಕು ಎಂಬ ಗಾಣಕ್ಕೆ ಎಷ್ಟೋ ರಾಜ್ಯಗಳು ಸಿಕ್ಕಿಕೊಂಡವು. ಎದುರು ನಿಂತವರೂ ಇದ್ದರು: ಕಾಂಗೋದ ದೊರೆ ಒಂದನೇ ಅಫೊನ್ಸೊ 1526ರಲ್ಲಿ ಪೋರ್ಚುಗಲ್ ದೊರೆಗೆ ಬರೆದ ಪತ್ರಗಳಲ್ಲಿ, ನಿಮ್ಮ ವರ್ತಕರು ನಮ್ಮ ಕುಲೀನರ ಮಕ್ಕಳನ್ನೂ ನಮ್ಮ ಬಂಧುಗಳನ್ನೂ ಹಿಡಿದೊಯ್ಯುತ್ತಿದ್ದಾರೆ ಎಂಬ ದೂರು ಇದೆ. ಹಾಗೆಂದು ಅವನನ್ನು ದೇವರು ಮಾಡಲೂ ಆಗುವುದಿಲ್ಲ. ಅವನ ರಾಜ್ಯದಲ್ಲೂ ಗುಲಾಮರಿದ್ದರು. ಅಂಗೋಲಾದ ರಾಣಿ ಎಂಜಿಂಗಾ (1583–1663) ಪೋರ್ಚುಗೀಸರ ಜತೆ ದಶಕಗಟ್ಟಲೆ ಕಾದಾಡಿದಳು, ಸೆರೆಯಾಳುಗಳ ವ್ಯಾಪಾರವನ್ನೂ ಮಾಡಿದಳು. ಎರಡನ್ನೂ ಹೇಳಿ. ಕೃಷ್ಣದೇವರಾಯನನ್ನೋ ಔರಂಗಜೇಬನನ್ನೋ ಯಾವ ತಕ್ಕಡಿಯಲ್ಲಿ ತೂಗುತ್ತೇವೋ ಇವರಿಗೂ ಅದೇ ತಕ್ಕಡಿ ಇರಲಿ.

ಭಾರತದ ಪಾಲನ್ನೂ ಬಿಡಬೇಡಿ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲು ಯುರೋಪಿನವರು ಕೊಟ್ಟ ಸರಕಿನಲ್ಲಿ ಭಾರತದ ಹತ್ತಿಬಟ್ಟೆ ಮುಖ್ಯವಾದದ್ದು, ಜತೆಗೆ ಮಾಲ್ಡೀವ್ಸ್‌ನ ಕವಡೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳ ಶಾಲೆಯಲ್ಲಿ ಫೆಬ್ರುವರಿ ಬಂತೆಂದರೆ ಬ್ಲ್ಯಾಕ್ ಹಿಸ್ಟರಿ ತಿಂಗಳು. ಪ್ರತಿ ವರ್ಷ ಅದೇ ನಾಲ್ಕು ಹೆಸರು. ಮನೆಯಲ್ಲಿ ನಾವೇನು ಸೇರಿಸಬಹುದು?

ಉತ್ತರ: ಮೊದಲು ಆ ತಿಂಗಳ ಹಿನ್ನೆಲೆಯನ್ನೇ ಹೇಳಿ. ಗುಲಾಮರಾಗಿದ್ದ ತಂದೆತಾಯಿಯ ಮಗ ಕಾರ್ಟರ್ ವುಡ್ಸನ್, 1912ರಲ್ಲಿ ಹಾರ್ವರ್ಡಿನಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದವರು, 1926ರಲ್ಲಿ ಒಂದು ವಾರದ ಆಚರಣೆ ಶುರು ಮಾಡಿದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಅಧ್ಯಕ್ಷ ಲಿಂಕನ್ ಇಬ್ಬರ ಹುಟ್ಟುಹಬ್ಬವೂ ಬರುವ ವಾರ ಅದು. 1976ರಲ್ಲಿ ತಿಂಗಳಾಯಿತು. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇದು ಅಕ್ಟೋಬರಿನಲ್ಲಿ ಬರುತ್ತದೆ, 1987ರಿಂದ.

ಸೇರಿಸಲು ಒಂದೇ ಹೆಸರು ಹೇಳಬೇಕೆಂದರೆ ಒನೆಸಿಮಸ್. ಬಾಸ್ಟನ್ನಿನ ಪಾದ್ರಿ ಕಾಟನ್ ಮ್ಯಾಥರ್‌ನ ಮನೆಯಲ್ಲಿ ಗುಲಾಮನಾಗಿದ್ದ ಆಫ್ರಿಕನ್. ತನ್ನ ನಾಡಿನಲ್ಲಿ ಸಿಡುಬಿನ ಕೀವನ್ನು ಚರ್ಮ ಗೀರಿ ಹಚ್ಚುತ್ತಾರೆ, ತನಗೂ ಹಚ್ಚಿದ್ದಾರೆ ಎಂದು ಹೇಳಿದ. 1721ರಲ್ಲಿ ಸಿಡುಬು ಊರಿಗೆ ನುಗ್ಗಿದಾಗ ಮ್ಯಾಥರ್‌ನ ಒತ್ತಾಯದಿಂದ ವೈದ್ಯ ಜಬ್ಡಿಯಲ್ ಬಾಯ್ಲ್‌ಸ್ಟನ್ ಸುಮಾರು 240 ಜನರಿಗೆ ಹಾಗೆಯೇ ಮಾಡಿದ. ಸತ್ತವರು 6. ತಾನಾಗಿ ಸಿಡುಬು ಎದ್ದವರಲ್ಲಿ ನೂರಕ್ಕೆ ಸುಮಾರು 14 ಜನ ಸತ್ತರು. ಇದು ಇತಿಹಾಸವೂ ಹೌದು, ಗಣಿತವೂ ಹೌದು, ಅಡುಗೆಮನೆ ಮೇಜಿನ ಮೇಲೆ ಅರ್ಧ ಗಂಟೆಯ ಕೆಲಸ. ಭಾರತದಲ್ಲೂ ಇಂಥ ಪದ್ಧತಿ ಇತ್ತು ಎಂದು ಸೇರಿಸಿ. ದೊಡ್ಡ ಮಕ್ಕಳಿಗೆ ಹೈಟಿ: 1791ರಲ್ಲಿ ದಂಗೆಯೆದ್ದ ಗುಲಾಮರು 1804ರ ಜನವರಿ 1ರಂದು ಸ್ವತಂತ್ರ ದೇಶ ಘೋಷಿಸಿದರು, 1825ರಲ್ಲಿ ಹಿಂದೆ ಅದನ್ನು ಆಳುತ್ತಿದ್ದ ಫ್ರಾನ್ಸ್ ಅವರಿಂದಲೇ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು, ಕಳೆದುಕೊಂಡ "ಆಸ್ತಿ"ಗೆ.

ಶಾಲೆಗೆ ಕೇಳುವುದಾದರೆ ತಿಂಗಳ ಕಾರ್ಯಕ್ರಮದ ಬಗ್ಗೆ ಬೇಡ. ವರ್ಷದ ಶುರುವಿನಲ್ಲಿ ಪಾಠಯೋಜನೆ ಕೇಳಿ ನೋಡಿ, ಅದರಲ್ಲಿ ಆಫ್ರಿಕಾ ಮೊದಲ ಸಲ ಯಾವ ಶತಮಾನದಲ್ಲಿ ಬರುತ್ತದೆ ಎಂದು ವಿಚಾರಿಸಿ. ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇವೆ: ಕನ್ನಡ ಯಾರಿಗೆ ಅರ್ಥವಾಗುತ್ತದೆ ಎಂದು ಅಂಗಡಿಯ ಸಾಲಿನಲ್ಲಿ ನಿಂತು "ಕರಿಯರು" ಎಂದು ದನಿ ತಗ್ಗಿಸಿ ಆಡುವ ಮಾತು ಮಗಳಿಗೆ ಅರ್ಥವಾಗುತ್ತದೆ.

ಪ್ರಶ್ನೆ: ವಿಜ್ಞಾನದ ಶಿಕ್ಷಕ ನಾನು. ರಾಗಿ ಆಫ್ರಿಕಾದಿಂದ ಬಂದದ್ದು ನಿಜವೇ? ಊರಿನವರು ಒಪ್ಪುವುದಿಲ್ಲ.
(ಮಂಡ್ಯ ಜಿಲ್ಲೆ)

ಉತ್ತರ: ನಿಜ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನೆಲದಲ್ಲಿ ರೈತರು ಕಾಡುಹುಲ್ಲನ್ನು ಪಳಗಿಸಿ ಮಾಡಿದ ಬೆಳೆ. ಜೋಳ ಪೂರ್ವ ಸುಡಾನಿನದು, ಸುಮಾರು 5000 ವರ್ಷ ಹಳೆಯದು. ಸಜ್ಜೆ ಮಾಲಿಯ ಕಡೆಯದು, ಸುಮಾರು 4500 ವರ್ಷ. ಅಲಸಂದೆ, ಹರಳು, ಹುಣಸೆ ಕೂಡ ಆಫ್ರಿಕಾ ಮೂಲದವು. ಕಾಫಿ ಇಥಿಯೋಪಿಯಾದ್ದು, ಯೆಮೆನ್ ಮೂಲಕ ಬಂತು. ಸವಣೂರಿನ ಮಠದ ಆವರಣದ ದೊಡ್ಡಹುಣಸೆ ಮರಗಳು ಹುಣಸೆಯೇ ಅಲ್ಲ, ಆಫ್ರಿಕಾದ ಬಾವೊಬಾಬ್.

ಒಂದು ತಟ್ಟೆಯಲ್ಲಿ ಕಾಳು ಇಟ್ಟು ಮಕ್ಕಳಿಂದ ವಿಂಗಡಿಸಿ. ಎಡವುವುದು ಎಲ್ಲಿ ಎಂದರೆ, ಮೆಕ್ಕೆಜೋಳವನ್ನು ಹೆಸರು ನೋಡಿ ಜೋಳದ ಪಕ್ಕ ಇಡುತ್ತಾರೆ. ಅದು, ಶೇಂಗಾ, ಮೆಣಸಿನಕಾಯಿ ಮೂರೂ ಅಮೆರಿಕದವು. ಸಿರಿಧಾನ್ಯವೆಲ್ಲ ಒಂದೇ ಊರಿನದೆಂದುಕೊಳ್ಳುತ್ತಾರೆ; ಸಾಮೆ, ಹಾರಕ ಇಲ್ಲಿಯವು, ನವಣೆ ಚೀನಾದ್ದು. ಪಳಗಿಸುವುದು ಎಂದರೇನೆಂದೂ ತೋರಿಸಿ: ಕಾಡುಜೋಳದ ಕಾಳು ಮಾಗುತ್ತಿದ್ದಂತೆ ಉದುರುತ್ತದೆ. ಉದುರದೆ ತೆನೆಯಲ್ಲೇ ನಿಂತ ಕಾಳನ್ನು ಕೊಯ್ದು, ಅದನ್ನೇ ಮತ್ತೆ ಬಿತ್ತಿ, ನೂರಾರು ತಲೆಮಾರು ಹೀಗೆ ಆರಿಸಿದವರು ಆಫ್ರಿಕಾದ ರೈತರು. ರಾಜ, ಚಿನ್ನ, ಕೋಟೆಯಷ್ಟನ್ನೇ ಹೇಳುವ ಪಾಠದಲ್ಲಿ ಇವರು ಬರುವುದೇ ಇಲ್ಲ. ಊರಿನವರಿಗೆ ಹೇಳುವುದಾದರೆ, ರಾಗಿ ಬಂದು ಸಾವಿರಾರು ವರ್ಷವಾಯಿತು, ನಮ್ಮ ತಳಿಗಳನ್ನು ನಮ್ಮವರೇ ಬೆಳೆಸಿದ್ದಾರೆ. ಮುದ್ದೆಗೆ ಯಾರೂ ಹಕ್ಕು ಕೇಳುತ್ತಿಲ್ಲ.

ಪ್ರಶ್ನೆ: ಆಫ್ರಿಕಾದವರಿಗೆ ಲಿಪಿಯೇ ಇರಲಿಲ್ಲ ಎಂದು ನಮ್ಮ ಹಳೆಯ ನೋಟ್ಸಿನಲ್ಲಿದೆ.
(ಧಾರವಾಡ)

ಉತ್ತರ: ಹರಿದು ಹಾಕಿ. ಈಜಿಪ್ಟ್ ಬಿಟ್ಟರೂ, ಮೆರೋಯೆಗೆ ತನ್ನದೇ ಲಿಪಿ ಇತ್ತು. ಅಕ್ಷರ ಓದಲು ಬರುತ್ತದೆ, ಭಾಷೆ ಇನ್ನೂ ಪೂರ್ತಿ ತಿಳಿದಿಲ್ಲ. ಇಥಿಯೋಪಿಯಾದ ಗೀಜ್ ಲಿಪಿ ಕನ್ನಡ ಮಕ್ಕಳಿಗೆ ಬಲು ಸುಲಭ, ಏಕೆಂದರೆ ಅದರಲ್ಲೂ ಕಾಗುಣಿತವಿದೆ. 26 ಮೂಲಾಕ್ಷರ, ಒಂದೊಂದಕ್ಕೂ ಸ್ವರದ 7 ರೂಪ, ಒಟ್ಟು 182. ಉಕಾರಕ್ಕೆ ಅಕ್ಷರದ ಬಲಗಡೆ ನಡುವಿನಲ್ಲಿ ಸಣ್ಣ ಗೀಟು, ಇಕಾರಕ್ಕೆ ಬಲಗಡೆ ಬುಡದಲ್ಲಿ. ಈ ಸ್ವರಚಿಹ್ನೆಗಳು ಬಳಕೆಗೆ ಬಂದದ್ದು ನಾಲ್ಕನೇ ಶತಮಾನದಲ್ಲಿ. ಒಂದು ಅಕ್ಷರದ ಏಳು ರೂಪವನ್ನು ಬೋರ್ಡಿನ ಮೇಲೆ ಬರೆದು, ಇನ್ನೊಂದರ ಮೊದಲ ಮೂರನ್ನು ಮಕ್ಕಳೇ ಊಹಿಸಿ ಬರೆಯಲಿ. ಎಲ್ಲ ಅಕ್ಷರಗಳಿಗೂ ಗೀಟು ಒಂದೇ ರೀತಿ ಬೀಳುವುದಿಲ್ಲ, ಅಪವಾದಗಳಿವೆ. ನಮ್ಮ ಮೊ, ಯೊ ಇದ್ದ ಹಾಗೆ.

ಪ್ರಶ್ನೆ: ಪರೀಕ್ಷೆಯಲ್ಲಿ ಕೇಳದ್ದನ್ನು ಮಕ್ಕಳು ಓದುವುದಿಲ್ಲ. ಇದಕ್ಕೆಲ್ಲ ಪ್ರಶ್ನೆ ತೆಗೆಯುವುದು ಹೇಗೆ?
(ಬಳ್ಳಾರಿ)

ಉತ್ತರ: "ಆಫ್ರಿಕಾದ ಕೊಡುಗೆಗಳನ್ನು ವಿವರಿಸಿ" ಎಂದು ಮಾತ್ರ ಕೇಳಬೇಡಿ, ಗೈಡಿನ ಹತ್ತು ಸಾಲು ಬರುತ್ತದೆ. ಆಧಾರವನ್ನು ಪ್ರಶ್ನೆಪತ್ರಿಕೆಯಲ್ಲೇ ಕೊಡಿ. ಅಲ್‌ ಉಮರಿಯ ಎರಡು ಸಾಲು ಕೊಟ್ಟು ಬೆಲೆ ಎಷ್ಟು ಬಿತ್ತು, ಏಕೆ ಬಿತ್ತು ಎಂದು ಕೇಳಬಹುದು. ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ 1331ರಲ್ಲಿ ಪೂರ್ವ ಆಫ್ರಿಕಾದ ಕಿಲ್ವಾದಲ್ಲಿದ್ದ, 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲಿದ್ದ, 1352ರಲ್ಲಿ ಮಾಲಿಗೆ ಹೋದ. ಮೂರೂ ಊರನ್ನು ನಕ್ಷೆಯಲ್ಲಿ ಗುರುತಿಸಿ, ಮೊದಲೆರಡರ ನಡುವೆ ಹಡಗುಗಳು ಯಾವ ಗಾಳಿಯನ್ನು ನಂಬಿ ಓಡಾಡುತ್ತಿದ್ದವು ಎಂದು ಬರೆಯಲು ಹೇಳಬಹುದು. ಐದು ಅಂಕದ ಪ್ರಶ್ನೆಯಾದರೆ ಎರಡು ಅಂಕ ಆಧಾರದಿಂದ ತೆಗೆದ ಸಂಗತಿಗೆ, ಎರಡು ಕಾರಣಕ್ಕೆ, ಉಳಿದ ಒಂದು "ಈ ಆಧಾರದಿಂದ ಗೊತ್ತಾಗದೇ ಇರುವುದು ಏನು" ಎಂಬುದಕ್ಕೆ. ಆ ಕೊನೆಯ ಒಂದು ಅಂಕವನ್ನು ಹೇಗೆ ಗಳಿಸಬೇಕೆಂದು ಮೊದಲ ಕಿರುಪರೀಕ್ಷೆಗೆ ಮುಂಚೆಯೇ ಬೋರ್ಡಿನ ಮೇಲೆ ಒಂದು ಮಾದರಿ ಉತ್ತರ ಬರೆದು ತೋರಿಸಿ. ಇಲ್ಲದಿದ್ದರೆ ತರಗತಿಯಲ್ಲಿ ಮುಕ್ಕಾಲು ಪಾಲು ಆ ಜಾಗವನ್ನು ಖಾಲಿ ಬಿಡುತ್ತದೆ.